ಮೊಳೆಯಿಲ್ಲದ ಬುಗುರಿ

ಅಂಕ ಬರೆದು ಪಕ್ಕಕ್ಕಿಟ್ಟಿದ್ದ ಪುಸ್ತಕವನ್ನು ರಾಧಾಮಣಿ ಮತ್ತೆ ಎಳೆದುಕೊಂಡಳು. ಕೈ ಆಗಲೇ ಮುಂದಿನದರ ರಟ್ಟು ತೆಗೆದಾಗಿತ್ತು. ಕಣ್ಣು ಮಾತ್ರ ಹಿಂದೆಯೇ ಉಳಿದುಬಿಟ್ಟಿತ್ತು. ಸ್ಟಾಫ್ ರೂಮಿನ ಫ್ಯಾನು ಹಾಳೆಗಳನ್ನು ಎತ್ತೆತ್ತಿ ಹಾಕುತ್ತಿದ್ದುದರಿಂದ ಮೊಣಕೈ ಊರಿ ಹಿಡಿದುಕೊಂಡು ಒಂದೊಂದೇ ಪುಟ ಹಿಂದಕ್ಕೆ ತಿರುವಿದಳು. ಬಾರ್ ಪೆಂಡುಲಮ್ ಪ್ರಯೋಗ. ಎಡಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಅಳತೆಗಳು, ಕೆಳಗೆ ನೇರಳೆ ಮಸಿಯಲ್ಲಿ ರೂಪಾಯಿ ಬಿಲ್ಲೆಯಗಲದ ಬುಗುರಿ ಚಿತ್ರದ ಮೊಹರು. ಮೇಲೆ ತಾರೀಖು: ಫೆಬ್ರವರಿ ಹನ್ನೆರಡು, ಗುರುವಾರ.

ಆ ಗುರುವಾರ ಅವಳು ಕಾಲೇಜಿಗೇ ಬಂದಿರಲಿಲ್ಲ. ಮಗಳು ದಿವ್ಯಳಿಗೆ ಮೈ ಸುಡುತ್ತಿತ್ತು. ರಾಮನಗರದ ಮನೆಯಲ್ಲಿ ಒದ್ದೆ ಬಟ್ಟೆ ಹಿಂಡುತ್ತ ಕೂತಿದ್ದಳು. ಆವತ್ತು ಪ್ರಾಕ್ಟಿಕಲ್ ನಡೆದಿಲ್ಲ. ನಡೆಯದ ಪ್ರಾಕ್ಟಿಕಲ್‌ಗೆ ಅಳತೆ ಎಲ್ಲಿಂದ ಬಂತು? ಅದಕ್ಕೆ ಮೊಹರು ಎಲ್ಲಿಂದ ಬಂತು?

ರಟ್ಟು ತಿರುಗಿಸಿ ಹೆಸರು ನೋಡಿದಳು. ಮೆಹ್ರೀನ್. ಬಿ.ಎಸ್ಸಿ. ಎರಡನೇ ವರ್ಷ.

ಈ ಮೊಹರಿನ ಉಪಾಯ ರಾಧಾಮಣಿಯದೇ. ಹೋದ ವರ್ಷ ಇಡೀ ತರಗತಿಯ ರೆಕಾರ್ಡ್ ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿ ಚನ್ನಪಟ್ಟಣದಿಂದ ಬಸ್ಸಿನಲ್ಲಿ ಹೊತ್ತೊಯ್ಯುತ್ತಿದ್ದಳು. ಒಲೆಯ ಮೇಲೆ ಸಾರು, ತೊಡೆಯ ಮೇಲೆ ರೆಕಾರ್ಡು. ಅಷ್ಟು ಕಷ್ಟಪಟ್ಟು ಓದಿದರೆ ಅರ್ಧಕ್ಕರ್ಧ ಒಂದರ ನಕಲು ಇನ್ನೊಂದು. ಒಬ್ಬನ ಲೆಕ್ಕದ ತಪ್ಪು ಇಡೀ ಬೆಂಚಿನ ತಪ್ಪಾಗಿರುತ್ತಿತ್ತು. ಯಾರು ಅಳೆದವರು, ಯಾರು ಬರೆದುಕೊಂಡವರು ಎಂದು ಹುಡುಕುವುದರಲ್ಲೇ ಜೀವ ಹೋಗುತ್ತಿತ್ತು. ಈ ವರ್ಷ ಒಂದು ಕಟ್ಟಳೆ ಮಾಡಿದಳು. ಲ್ಯಾಬು ಬಿಡುವ ಮುಂಚೆ ಪ್ರತಿಯೊಬ್ಬರೂ ಆವತ್ತಿನ ಅಳತೆ ತೋರಿಸಬೇಕು, ಅವಳು ನೋಡಿ ಅದರ ಕೆಳಗೆ ಮೊಹರು ಒತ್ತಬೇಕು. ಮೊಹರಿದ್ದರೆ ಅಳತೆ ನಿಜ. ಆಮೇಲೆ ನೋಡಬೇಕಾದ್ದು ಗ್ರಾಫು, ಉತ್ತರ, ಕೊನೆಯ ಒಂದು ಪ್ರಶ್ನೆ. ಒಂದು ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು.

ರಬ್ಬರ್ ಸ್ಟಾಂಪು ಯಾವ ಅಂಗಡಿಯಲ್ಲಾದರೂ ಮಾಡಿಸಿಕೊಳ್ಳಬಹುದು ಎಂಬ ಭಯಕ್ಕೆ ಮರದ್ದು ಮಾಡಿಸಿದ್ದಳು. ಗೊಂಬೆ ಕಡೆಯುವ ಜಬ್ಬಾರ್ ಸಾಬರು ಆಲೆಮರದಲ್ಲಿ ಕಡೆದು, ಹಿಡಿಗೆ ಕೆಂಪು ಅರಗು ಏರಿಸಿ, ತಳದಲ್ಲಿ ಪುಟ್ಟ ಬುಗುರಿಯೊಂದನ್ನು ಕೆತ್ತಿಕೊಟ್ಟಿದ್ದರು. ಮೊಹರು ಅವಳ ಕೈಚೀಲ ಬಿಟ್ಟು ಎಲ್ಲೂ ಇರುತ್ತಿರಲಿಲ್ಲ.

ಜಬ್ಬಾರ್ ಸಾಬರು ಮೆಹ್ರೀನಳ ತಾತ. "ನಮ್ ದಾದಾ ಮಾಡ್ಕೊಡ್ತಾರೆ ಮೇಡಂ, ಯಾರಿಗೂ ಕಾಪಿ ಮಾಡಕ್ಕಾಗಲ್ಲ" ಎಂದು ಜೂನ್‌ನಲ್ಲಿ ತಾನಾಗಿ ಬಂದು ಹೇಳಿದವಳೂ ಈ ಮೆಹ್ರೀನಳೇ. ಆಗ ಅದು ಒಳ್ಳೆಯತನದ ಹಾಗೆ ಕಂಡಿತ್ತು. ಈಗ ರಾಧಾಮಣಿಯ ಎದೆಯಲ್ಲಿ ಆ ಮಾತು ಬೇರೆ ಬಣ್ಣಕ್ಕೆ ತಿರುಗಿತು.

ಹೇಳಿಕಳಿಸಿದ ಮೇಲೆ ಹುಡುಗಿ ಬಂದಳು. ತೆಳ್ಳಗೆ, ಉದ್ದಕ್ಕೆ, ತಲೆಗೆ ಬೂದು ಬಣ್ಣದ ದುಪಟ್ಟಾ. ತರಗತಿಯಲ್ಲಿ ಮಾತು ಕಡಿಮೆ. ರಾಧಾಮಣಿ ಪುಟವನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟಳು.

"ಇದು ಯಾವಾಗ ಮಾಡಿದ್ದು?"

"ಹನ್ನೆರಡನೇ ತಾರೀಖು ಮೇಡಂ."

"ಆವತ್ತು ನಾನಿದ್ನಾ?"

"ಇರ್ಲಿಲ್ಲ. ಎಲ್ಲಾ ಮನೆಗೆ ಹೋದ್ರು. ನಾನು ಬೋರಲಿಂಗಯ್ಯನವರನ್ನ ಕೇಳ್ದೆ, ಬಾಗ್ಲು ತೆಗ್ದ್ರು. ಒಬ್ಳೇ ಮಾಡ್ದೆ."

"ಮೊಹರು?"

"ಮುಂದಿನ ಗುರುವಾರ ನೀವೇ ಹಾಕಿದ್ರಿ."

"ನಾನು ಹಾಕಿದ್ನಾ?"

"ಹೂಂ ಮೇಡಂ. ಎರಡೂ ಪುಟ ತೋರಿಸ್ದೆ. ನೀವು ಫೋನಲ್ಲಿ ಮಾತಾಡ್ತಿದ್ರಿ."

ಆ ಕೊನೆಯ ಮಾತು ರಾಧಾಮಣಿಗೆ ಸೂಜಿಯಂತೆ ನಾಟಿತು. ಎಷ್ಟು ಜಾಣತನ! ಯಾವ ಮೇಡಂ ತಾನೇ ಫೋನಲ್ಲಿ ಮಾತಾಡುವುದಿಲ್ಲ? ತಪ್ಪನ್ನು ನನ್ನ ತಲೆಗೇ ಕಟ್ಟುತ್ತಿದ್ದಾಳೆ, ಅದೂ ಇಷ್ಟು ಮೆತ್ತಗೆ.

"ನೋಡ್ದೆ ಮೊಹರು ಹಾಕೋಳಲ್ಲ ನಾನು. ಹೋಗು," ಎಂದಳು.

ಮೆಹ್ರೀನ್ ಪುಸ್ತಕಕ್ಕೆ ಕೈ ಚಾಚಿದಳು. ರಾಧಾಮಣಿ ಅದರ ಮೇಲೆ ತನ್ನ ಅಂಗೈ ಇಟ್ಟಳು. ಹುಡುಗಿ ಒಂದು ಕ್ಷಣ ಆ ಕೈಯನ್ನೇ ನೋಡಿ ಹೊರಟುಹೋದಳು.

ಲ್ಯಾಬಿನ ಅಟೆಂಡರ್ ಬೋರಲಿಂಗಯ್ಯ ಕಾರಿಡಾರಿನ ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಬೈರಾಪಟ್ಟಣದವನು. ಸರ್ವೀಸು ಮುಗಿಯುವುದಕ್ಕೆ ಇನ್ನು ಒಂದು ವರ್ಷವೂ ಇಲ್ಲ. ಮೇಡಂ ಬಂದದ್ದು ಕಂಡು ಸಿಪ್ಪೆಯನ್ನು ಜೇಬಿಗೆ ತುಂಬಿಕೊಂಡ.

"ಬೋರಲಿಂಗಯ್ಯ, ಫೆಬ್ರವರೀಲಿ ನಾನು ರಜಾ ಹಾಕಿದ್ದ ಗುರುವಾರ ಲ್ಯಾಬ್ ಬಾಗಿಲು ತೆಗೆದಿದ್ರಾ?"

"ನಾನ್ಯಾಕ್ ತಗೀಲವ್ವ? ಮೇಡಂ ಇಲ್ದೆ ಬಾಗ್ಲು ತಗ್ದು ಏನಾರ ಒಡ್ದೋದ್ರೆ ನನ್ ಪಿಂಚಣಿ ಗತಿ ಏನು?"

"ಮೆಹ್ರೀನ್ ಹಂಗಂದ್ಲು."

"ಯಾವ ಮೆಹ್ರೀನು? ಓ, ಜಬ್ಬಾರಣ್ಣನ ಮೊಮ್ಮಗ್ಳಾ?" ಅವನ ಕಣ್ಣು ಒಂದು ಗಳಿಗೆ ಬಾಗಿಲ ಬೀಗದ ಕಡೆ ಹೋಗಿ ಬಂತು. "ಇಲ್ಲ ಕಣವ್ವ, ನಂಗ್ ನೆಪ್ಪಿಲ್ಲ. ಯಾಕೆ, ಏನಾಯ್ತು?"

ರಾಧಾಮಣಿ ಹೇಳಬಾರದಿತ್ತು. ಆದರೂ ಹೇಳಿದಳು. ಬೋರಲಿಂಗಯ್ಯ ಒಸಿ ಹೊತ್ತು ಕಡಲೆಕಾಯಿ ಜಗಿದು, ತನ್ನ ಮೇಲಿದ್ದ ಭಾರ ಇನ್ನೊಂದು ಹೆಗಲಿಗೆ ಹೋದ ಹುರುಪಿನಲ್ಲಿ ದನಿ ತಗ್ಗಿಸಿದ.

"ನಿಮ್ಗೊಂದ್ ಇಸ್ಯ ಗೊತ್ತಾ? ಜಬ್ಬಾರಣ್ಣ ಯಾವತ್ತೂ ಒಂದೇ ಒಂದು ಕಡೆಯಾಕಿಲ್ಲ. ನಮ್ ಮೊಮ್ಮಗೀಗೆ ಗಿಲಕಿ ಮಾಡ್ಸಕ್ ಹೋಗಿದ್ದೆ, ಜೋಡಿ ಕಡ್ದು ಒಂದ್ ನಂಗ್ ಕೊಟ್ಟು ಒಂದ್ ಅಂಗ್ಡೀಲ್ ಮಡೀಕೊಂಡ. ಅವ್ನ ಅಪ್ಪನ ಕಾಲದಿಂದ್ಲೂ ಅಂಗೇಯ. ನಿಮ್ ಮೊಹರ್ನೂ ಜೋಡಿನೇ ಕಡ್ದಿರ್ತಾನೆ ಬುಡಿ."

ಅವನು ಎದ್ದು ಹೋದ ಮೇಲೂ ರಾಧಾಮಣಿ ಅಲ್ಲೇ ನಿಂತಿದ್ದಳು. ಜೋಡಿ. ಅಂದರೆ ಇಷ್ಟು ತಿಂಗಳಿಂದ ಅವಳ ಮೊಹರಿನ ಅವಳಿ ಆ ಮನೆಯಲ್ಲಿ, ಆ ಹುಡುಗಿಯ ಕೈಗೆಟುಕುವಲ್ಲಿ ಇದೆ. ಒಂದೇ ಪುಟಕ್ಕೆ ಒತ್ತಿಕೊಂಡಿದ್ದಾಳೆ ಎಂದು ಹೇಗೆ ನಂಬುವುದು? ಇಡೀ ತರಗತಿಗೆ ಹಂಚಿಕೊಂಡಿದ್ದರೆ? ಸ್ಟಾಫ್ ರೂಮಿಗೆ ಮರಳಿ ಬಂದಾಗ ಮೇಜಿನ ಮೇಲಿದ್ದ ಪುಸ್ತಕಗಳ ರಾಶಿಯಲ್ಲಿ ಯಾವೊಂದು ಬುಗುರಿಯೂ ತನ್ನದೆಂದು ಅನ್ನಿಸಲಿಲ್ಲ.

ವಿಭಾಗದ ಮುಖ್ಯಸ್ಥ ಮಧುಕುಮಾರ್ ಅಲ್ಲಿಯೇ ನಿಂತು ಆ ಪುಟವನ್ನು ನೋಡುತ್ತಿದ್ದರು. ಬೋರಲಿಂಗಯ್ಯನ ಬಾಯಿ ಅವಳ ಕಾಲಿಗಿಂತ ಬೇಗ ಬಂದಿತ್ತು.

"ಏನ್ ಮೇಡಂ, ಸ್ಟಾಂಪೇ ಡೂಪ್ಲಿಕೇಟ್ ಆಗಿದೆಯಂತೆ?"

"ಇನ್ನೂ ಗ್ಯಾರಂಟಿ ಇಲ್ಲ ಸರ್."

"ನೀವು ರಜಾದಲ್ಲಿದ್ದ ದಿನದ ಪುಟಕ್ಕೆ ಮೊಹರಿದೆ. ಇನ್ನೇನು ಗ್ಯಾರಂಟಿ ಬೇಕು? ನಾಳೆ ಸಂಜೆಯೊಳಗೆ ಇಂಟರ್ನಲ್ ಮಾರ್ಕ್ಸ್ ಹೋಗ್ಬೇಕು. ಬೆಳಗ್ಗೆ ನನಗೆ ಬರೆದು ಕೊಡಿ, ಪ್ರಿನ್ಸಿಪಾಲರಿಗೆ ಕೊಡ್ತೀನಿ. ಅವಳನ್ನ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸೋದು ಬೇಡ, ಮುಂದಿನ ವರ್ಷ ಮಾಡ್ಕೊಳ್ಲಿ." ಅವರು ಕುರ್ಚಿ ಎಳೆದು ಕೂತರು. ದನಿ ಮೆತ್ತಗಾಯಿತು. "ನಿಮ್ಮ ಈ ಮೊಹರಿನ ಸಿಸ್ಟಮ್ ಎಲ್ಲಾ ಲ್ಯಾಬಿಗೂ ತರೋಣ ಅಂತ ಪ್ರಿನ್ಸಿಪಾಲರ ಹತ್ರ ನಾನೇ ಹೇಳಿದ್ದೀನಿ. ಗೆಸ್ಟ್ ಲೆಕ್ಚರರ್ಸ್ ಲಿಸ್ಟು ಈ ತಿಂಗಳೇ ಮಾಡೋದು. ಕಳ್ಳರನ್ನ ಹಿಡಿಯೋ ಸಿಸ್ಟಮ್ ಅಂದ್ರೆ ಇನ್ನೂ ತೂಕ ಬರುತ್ತೆ, ನೋಡಿ."

ರಾಧಾಮಣಿ ತಲೆಯಾಡಿಸಿದಳು. ಪ್ರತಿ ವರ್ಷ ಈ ಪಟ್ಟಿಯಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ಎಂದು ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು. ಒಂದು ಪುಟದ ದೂರಿನಿಂದ ಈ ವರ್ಷದ ಕಾಯುವಿಕೆ ತಪ್ಪುವುದಾದರೆ! ಆ ಯೋಚನೆ ಬಂದದ್ದಕ್ಕೆ ತನ್ನ ಮೇಲೇ ಒಂದಿಷ್ಟು ಅಸಹ್ಯವಾಯಿತು. ಮೆಹ್ರೀನಳ ರೆಕಾರ್ಡನ್ನು ಕೈಚೀಲಕ್ಕೆ ಹಾಕಿಕೊಂಡಳು. ಕಣ್ಣಾರೆ ನೋಡದೆ ಬರೆಯುವುದು ಬೇಡ. ಆ ಜೋಡಿಯನ್ನು ಹಿಡಿದೇ ಬರೆಯೋಣ.

ಜಬ್ಬಾರ್ ಸಾಬರ ಅಂಗಡಿ ಸಂದಿಯೊಳಗಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಲೇತು ತಿರುಗುತ್ತಿತ್ತು. ಅರಗು ಕಾದ ವಾಸನೆ, ನೆಲದ ತುಂಬ ಬಿಳೀ ಮರದ ಸುರುಳಿ. ಸಾಬರು ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿಹಿಡಿದಿದ್ದರು. ಅವಳನ್ನು ಕಂಡು ಸ್ವಿಚ್ಚು ಆರಿಸಿದರು.

"ಅರೆ, ಮೇಡಂ! ಬನ್ನಿ, ಕೂತ್ಕಳಿ. ಏ ಮುನವ್ವರಾ, ಚಾಯ್ ಮಾಡು. ಮಗೂ ಮೇಡಂ ಬಂದವ್ರೆ."

ಪರದೆಯ ಆಚೆ ಪಾತ್ರೆಯ ಸದ್ದಾಯಿತು. ಮೆಹ್ರೀನ್ ಇನ್ನೂ ಬಂದಿಲ್ಲ, ಟ್ಯೂಷನ್‌ಗೆ ಹೋಗಿದ್ದಾಳೆ ಎಂದರು ಸಾಬರು. ರಾಧಾಮಣಿಗೆ ಅದೇ ಬೇಕಾಗಿತ್ತು.

"ನನಗೆ ಇನ್ನೊಂದು ಮೊಹರು ಬೇಕಿತ್ತು ಸಾಬರೆ. ಅದೇ ಥರದ್ದು."

"ಬೇಕಾ? ಮಾಡೋದೇನ್ ಬಂತು, ಐತಲ್ಲ!" ಎನ್ನುತ್ತ ಅವರು ನಕ್ಕು, ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಮೊಳೆಗೊಂದರಂತೆ ದಾರದಲ್ಲಿ ನೇತುಬಿದ್ದ ಗಿಲಕಿ, ಕೀ ಚೈನು, ಚೆಸ್ಸಿನ ರಾಜ, ಮಂಚದ ಕಾಲಿನ ಗುಬುಟು. ಎಲ್ಲಕ್ಕೂ ಧೂಳು. ನಡುವೆ ಕೆಂಪು ಹಿಡಿಯ ಮೊಹರು. "ಒಂದೇ ಕಡೆಯೋದು ನಮ್ ಮನೇಲಿ ಇಲ್ಲ ಮೇಡಂ. ಒಂದು ಗಿರಾಕಿಗೆ, ಒಂದು ಗೋಡೆಗೆ. ನಾಳೆ ಗಿರಾಕಿ ಬಂದು ಅಂಗೇ ಬೇಕು ಅಂದ್ರೆ, ಅಳತೆ ನೆನಪಿರ್ಬೇಕಲ್ಲ? ನಮ್ ಅಬ್ಬಾ ಕಡ್ದಿದ್ದು ಇನ್ನೂ ಅಟ್ಟದ ಮ್ಯಾಲೆ ಚೀಲಗಟ್ಲೆ ಐತೆ. ಮುನವ್ವರಾ ಬೈತಾಳೆ, ಸೌದೆಗಾದ್ರೂ ಹಾಕಿ ಅಂತ."

"ನೀವು ಬೈಸ್ಕೊಳ್ಳೋದಕ್ಕೇ ಕಡೀತೀರ," ಎಂದಿತು ಪರದೆಯ ಆಚೆಯಿಂದ ಹೆಂಡತಿಯ ದನಿ.

ರಾಧಾಮಣಿ ನಗಲಿಲ್ಲ. ಸಾಬರು ಬಿಚ್ಚಿಕೊಟ್ಟ ಮೊಹರನ್ನು ತಿರುಗಿಸಿ ತಳ ನೋಡಿದಳು. ಬಿಳೀ ಮರ. ಕೆತ್ತನೆಯ ಸಂದಿನಲ್ಲೂ ಬಿಳುಪು. ನೇರಳೆ ಮಸಿ ಎಲ್ಲೂ ಸೋಕಿಲ್ಲ. ಮರ ಮಸಿಯನ್ನು ಕುಡಿದರೆ ಬಿಡುವುದಿಲ್ಲ. ಅವಳ ಮೊಹರಿನ ತಳ ಮೊದಲ ವಾರಕ್ಕೇ ನೇರಳೆಹಣ್ಣಾಗಿತ್ತು. ಹಾಗಾದರೆ ಒತ್ತಿ, ಕೆರೆದು, ಮತ್ತೆ ನೇತುಹಾಕಿದ್ದಾಳೋ? ಚೀಲದಿಂದ ಮಸಿಯ ಪ್ಯಾಡು ತೆಗೆದು, ನೆಲದ ಮೇಲಿದ್ದ ಹಳೇ ಪೇಪರಿನ ಅಂಚಿಗೆ ಒತ್ತಿ ನೋಡಿದಳು. ದುಂಡು ಹೊಟ್ಟೆ, ಸುತ್ತಿದ ದಾರದ ಗೆರೆ, ಅಡಿಯಲ್ಲಿ ಚೂಪಾದ ಮೊಳೆ. ಪೂರ್ತಿ ಬುಗುರಿ.

ಪಕ್ಕದಲ್ಲೇ ತನ್ನ ಮೊಹರು ಒತ್ತಿದಳು.

ಹೊಟ್ಟೆ ಇತ್ತು, ದಾರ ಇತ್ತು. ಮೊಳೆ ಇರಲಿಲ್ಲ.

ಮೊಹರನ್ನು ಮುಖದ ಹತ್ತಿರ ಹಿಡಿದಳು. ಅಂಚಿನಲ್ಲಿ ಒಂದು ಚೂರು ಸಿಡಿದುಹೋಗಿತ್ತು. ಎಷ್ಟು ದಿನದಿಂದ? ದಿನವೂ ಕೈಯಲ್ಲಿ ಹಿಡಿದದ್ದು. ಒಂದು ಸಲವೂ ತಿರುಗಿಸಿ ನೋಡಿದ್ದಿಲ್ಲ. ಮೆಹ್ರೀನಳ ರೆಕಾರ್ಡು ತೆಗೆದು ತೊಡೆಯ ಮೇಲೆ ಬಿಚ್ಚಿದಳು. ಫೆಬ್ರವರಿ ಐದರ ಪುಟದ ಬುಗುರಿಗೆ ಮೊಳೆ ಇದೆ. ಅದರ ಹಿಂದಿನವಕ್ಕೂ ಇದೆ. ಹನ್ನೆರಡರ ಪುಟದಲ್ಲಿ ಇಲ್ಲ. ಹತ್ತೊಂಬತ್ತರಲ್ಲಿ ಇಲ್ಲ. ಅಲ್ಲಿಂದಾಚೆಗೆ ಯಾವುದರಲ್ಲೂ ಇಲ್ಲ.

ಹನ್ನೆರಡರ ಪುಟಕ್ಕೆ ಬಿದ್ದದ್ದು ಗೋಡೆಯ ಮೇಲಿನ ಮೊಹರಲ್ಲ. ತನ್ನದು, ಅದೂ ಮುರಿದ ಮೇಲೆ.

ಯಾರಾದರೂ ಚೀಲಕ್ಕೆ ಕೈ ಹಾಕಿದ್ದರೇ? ಅನುಮಾನ ಇನ್ನೊಂದು ಗಳಿಗೆ ಹೆಣಗಾಡಿತು. ಅಷ್ಟರಲ್ಲಿ ಮೊಹರು ನೆಲಕ್ಕೆ ಬಿದ್ದ ಸದ್ದು ಅವಳ ಕಿವಿಗೆ ಮರಳಿ ಬಂತು. ಹತ್ತೊಂಬತ್ತರ ಗುರುವಾರ. ಜ್ವರ ಪೂರ್ತಿ ಬಿಡುವ ಮುಂಚೆಯೇ ದಿವ್ಯಳನ್ನು ಸ್ಕೂಲಿಗೆ ತಳ್ಳಿ ಬಂದಿದ್ದಳು. ಸಾಲಾಗಿ ನಿಂತ ಹುಡುಗರಿಗೆ ಮೊಹರು ಒತ್ತುತ್ತಿದ್ದಾಗ ಸ್ಕೂಲಿನಿಂದ ಫೋನು, ಮಗು ವಾಂತಿ ಮಾಡಿಕೊಂಡಿದೆ, ಬಂದು ಕರಕೊಂಡು ಹೋಗಿ ಎಂದು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಳ್ಳಲು ಹೋಗಿ ಮೊಹರು ಕೈಜಾರಿ ಕಡಪಾ ಕಲ್ಲಿನ ಮೇಲೆ ಬಿತ್ತು. ಯಾರೋ ಎತ್ತಿಕೊಟ್ಟರು. "ಬರ್ತೀನಿ, ಈಗ್ಲೇ ಬರ್ತೀನಿ, ಅವಳಿಗೆ ನೀರು ಕೊಡಿ" ಎನ್ನುತ್ತ ಉಳಿದವರಿಗೆಲ್ಲ ಒತ್ತಿದ್ದಳು. ಮುಂದೆ ಚಾಚಿದ ಪುಟಗಳಿಗೆ, ಯಾವ ಪುಟ ಎಂದು ನೋಡದೆ.

ನೀವು ಫೋನಲ್ಲಿ ಮಾತಾಡ್ತಿದ್ರಿ.

"ಚಾಯ್ ತಗೊಳಿ ಮೇಡಂ. ತಣ್ಣಗಾಯ್ತದೆ." ಸಾಬರು ಪೇಪರಿನ ಮೇಲಿನ ಎರಡು ಬುಗುರಿಗಳನ್ನು ಕಂಡು ನಾಲಿಗೆ ಲೊಚಗುಟ್ಟಿದರು. "ಅಯ್ಯೋ, ನಿಮ್ದು ಮುರಿದೈತೆ. ಅದಕ್ಕೇ ಬಂದ್ರಾ? ಗೋಡೇದು ತಗೊಂಡೋಗಿ, ನಾನು ಬ್ಯಾರೆ ಕಡ್ಕತೀನಿ." ಮತ್ತೆ, ಸ್ವಲ್ಪ ಸಂಕೋಚದಿಂದ: "ನಮ್ ಹುಡ್ಗಿ ಎಂಗೆ ಮೇಡಂ? ಓದ್ತಾಳಾ?"

"ಓದ್ತಾಳೆ," ಎಂದಳು ರಾಧಾಮಣಿ. ಗೋಡೆಯ ಮೊಹರನ್ನು ಅವರ ಕೈಗೇ ಕೊಟ್ಟು ಎದ್ದಳು.

ರಾಮನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ದಾರಿಯುದ್ದಕ್ಕೂ ಒಂದೇ ಲೆಕ್ಕ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಾಗಿಲು ತೆಗೆದಿಲ್ಲ ಎಂದು ಬೋರಲಿಂಗಯ್ಯ ಹೇಳಿಯಾಗಿದೆ. ಜೋಡಿ ಇರುವುದು ನಿಜ. ದೂರು ಬರೆದರೆ ಅದು ನಿಲ್ಲುತ್ತದೆ. ಬರೆಯದೆ ನಿಜ ಹೇಳಿದರೆ ಬೀಳುವುದು ಒಂದು ಪುಟದ ಮೊಹರಲ್ಲ, ಎಲ್ಲ ಪುಟಗಳದ್ದೂ; ಜೊತೆಗೆ ಪಟ್ಟಿಯಲ್ಲಿನ ಹೆಸರು. ಮನೆಗೆ ಬಂದಾಗ ದಿವ್ಯ ಬಾಗಿಲಲ್ಲೇ ಚೀಲಕ್ಕೆ ಕೈ ಹಾಕಿ, "ಇವತ್ತೂ ರೆಕಾರ್ಡ್ ತಂದ್ಯಾ?" ಎಂದು ಮುಖ ಸಿಂಡರಿಸಿದಳು.

"ಒಂದೇ ಒಂದು," ಎಂದಳು.

ಬೆಳಗ್ಗೆ ಮಧುಕುಮಾರ್ ಬಿಳೀ ಹಾಳೆ, ಪೆನ್ನು ಸಿದ್ಧ ಇಟ್ಟುಕೊಂಡಿದ್ದರು. ರಾಧಾಮಣಿ ಪೆನ್ನು ಮುಟ್ಟಲಿಲ್ಲ. ಹಾಳೆಯ ನಡುವೆ ಮೊಹರು ಒತ್ತಿ, ಪಕ್ಕದಲ್ಲಿ ರೆಕಾರ್ಡಿನ ಪುಟ ಬಿಚ್ಚಿಟ್ಟಳು.

"ಇದು ನನ್ನದೇ ಸರ್. ನಾನೇ ಹಾಕಿದ್ದು. ನೋಡಿರಲಿಲ್ಲ."

ಅವಳು ಹೇಳುವುದನ್ನೆಲ್ಲ ಅವರು ಕೇಳಿದರು. ಹಾಳೆಯನ್ನೊಮ್ಮೆ, ಪುಟವನ್ನೊಮ್ಮೆ ನೋಡಿದರು. ಆಮೇಲೆ ಅವಳನ್ನು ನೋಡಿದ ರೀತಿ ನಿನ್ನೆಯದಾಗಿರಲಿಲ್ಲ.

"ಇದೊಂದನ್ನ ನೋಡದೆ ಹಾಕಿದ್ದೀರಿ. ಉಳಿದಿದ್ದೆಲ್ಲ ನೋಡೇ ಹಾಕಿದ್ದೀರಿ ಅಂತ ನಾನು ಹೆಂಗೆ ನಂಬಲಿ?"

ರಾಧಾಮಣಿ ಮೊಹರನ್ನು ಚೀಲಕ್ಕೆ ಹಾಕಿಕೊಂಡಳು.

"ಎಲ್ಲಾ ರೆಕಾರ್ಡೂ ಮತ್ತೆ ನೋಡಿ. ಮೊಹರು ಬಿಟ್ಟು ನೋಡಿ. ಸಂಜೆ ನನಗೆ ಬೇಕು." ಅವರು ಬಿಳೀ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದರು, ಹರಿಯಲಿಲ್ಲ. ಪಟ್ಟಿಯ ಮಾತು ಬರಲಿಲ್ಲ.

ಬಾಗಿಲಾಚೆ ನಿಂತಿದ್ದ ಬೋರಲಿಂಗಯ್ಯ ಅವಳ ಹಿಂದೆಯೇ ಲ್ಯಾಬಿನವರೆಗೆ ಬಂದ. "ತಗ್ದಿದ್ದೆ ಕಣವ್ವ," ಎಂದ, ಬೀಗಕ್ಕೆ ಮುಖ ಮಾಡಿ. "ಬಿಸ್ಲಲ್ಲಿ ಬಂದಿದ್ಲು, ವಾಪಸ್ ಕಳ್ಸಕ್ಕೆ ಮನಸ್ ಬರ್ನಿಲ್ಲ. ಒಳಗೆ ಏನ್ ಮಾಡುದ್ಲು ಏನ್ ಬುಟ್ಲು ನಂಗೊತ್ತಿಲ್ಲ, ಅದ್ ಮಾತ್ರ ಕೇಳ್ಬ್ಯಾಡಿ."

ಅದೇ ಈಗ ಉಳಿದಿದ್ದದ್ದು. ಬಾಗಿಲು ತೆಗೆದದ್ದು ನಿಜವಾದರೂ ಅಳತೆ ನಿಜವೇ? ರಾಧಾಮಣಿ ಮೆಹ್ರೀನಳನ್ನು ಕರೆಸಿ, ಲ್ಯಾಬಿನ ಮೇಜಿನ ಮೇಲೆ ಆ ಪುಟ ಇಟ್ಟಳು. ಈ ಸಲ ಅಳತೆಗಳನ್ನು ಒಂದೊಂದಾಗಿ, ಬೆರಳಿಟ್ಟು ಓದಿದಳು. ಆರನೆಯ ಸಾಲಿನಲ್ಲಿ ಬೆರಳು ನಿಂತಿತು. ಅದೊಂದು ಸಂಖ್ಯೆ ಉಳಿದವುಗಳ ಜೊತೆ ಹೋಗುತ್ತಿರಲಿಲ್ಲ. ಗ್ರಾಫಿನಲ್ಲೂ ಆ ಚುಕ್ಕೆ ಗೆರೆಯಿಂದ ಆಚೆ, ಒಂಟಿಯಾಗಿ ಬಿದ್ದಿತ್ತು.

"ಇದ್ಯಾಕೆ ಹೀಗಿದೆ?"

"ಬೋರಲಿಂಗಯ್ಯ ಅಂಕಲ್ ಆವಾಗ ಬಂದು, ಆಯ್ತಾ ತಾಯಿ, ಬಾಗ್ಲು ಹಾಕ್ಬೇಕು ಅಂದ್ರು. ಆಂದೋಲನ ಎಣಿಸೋದು ತಪ್ಪೋಯ್ತು."

"ಮತ್ತೆ ಮಾಡ್ಬೋದಿತ್ತಲ್ಲ?"

"ಬಾಗ್ಲು ಹಾಕ್ಬಿಟ್ರಲ್ಲ ಮೇಡಂ."

"ತಿದ್ದಿ ಬರ್ಕೊಬೋದಿತ್ತು. ಯಾರಿಗೆ ಗೊತ್ತಾಗ್ತಿತ್ತು?"

ಮೆಹ್ರೀನ್ ಗ್ರಾಫಿನ ಆ ಒಂಟಿ ಚುಕ್ಕೆಯನ್ನೇ ನೋಡಿದಳು. ಉಳಿದೆಲ್ಲರ ಗ್ರಾಫಿನಲ್ಲೂ ಚುಕ್ಕೆಗಳು ಗೆರೆಯ ಮೇಲೇ ಕೂತಿದ್ದವು ಎಂಬುದು ರಾಧಾಮಣಿಗೆ ಆಗ ನೆನಪಾಯಿತು. ಅವಕ್ಕೆಲ್ಲ ಅವಳು ಪೂರ್ತಿ ಅಂಕ ಕೊಟ್ಟಿದ್ದಳು.

"ದೂರು ಇಲ್ಲ," ಎಂದಳು. "ಪ್ರಾಕ್ಟಿಕಲ್‌ಗೆ ಕೂರ್ಬೋದು."

"ಹೂಂ ಮೇಡಂ."

ಹುಡುಗಿ ನಿಂತೇ ಇದ್ದಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನಿನ್ನೆ ನೀವು ಅಂಗಡಿಗೆ ಬಂದಿದ್ರಂತೆ. ಜೋಡಿ ಕೇಳಿದ್ರಂತೆ. ದಾದಾಗೆ ತುಂಬಾ ಖುಷಿ. ಮೇಡಂ ಮನೆಗೆ ಬಂದಿದ್ರು ಅಂತ ಸಂದೀಲೆಲ್ಲಾ ಹೇಳ್ಕೊಂಡು ಬಂದ್ರು." ಕೈಯಿಂದ ದುಪಟ್ಟಾ ಬಿಟ್ಟು, "ಯಾಕ್ ಬಂದಿದ್ರಿ ಅಂತ ನಾನು ಹೇಳ್ಲಿಲ್ಲ," ಎಂದಳು.

ರಾಧಾಮಣಿ ಮೊಹರಿಗೆಂದು ಚೀಲಕ್ಕೆ ಹಾಕಿದ್ದ ಕೈಯನ್ನು ಬರಿದಾಗಿಯೇ ಹೊರತೆಗೆದಳು. ಪೆನ್ನು ತೆಗೆದುಕೊಂಡು, ಮೊಳೆಯಿಲ್ಲದ ಬುಗುರಿಯ ಪಕ್ಕದಲ್ಲಿ ತನ್ನ ಪೂರ್ತಿ ಹೆಸರು ಬರೆದು, ಇವತ್ತಿನ ತಾರೀಖು ಹಾಕಿ ಪುಸ್ತಕವನ್ನು ಮುಂದೆ ಸರಿಸಿದಳು.

ಮೆಹ್ರೀನ್ ಅದನ್ನು ಎದೆಗವಚಿಕೊಂಡು ಹೊರಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಅವಳ ತಾತ ಲೇತಿನಿಂದ ಇಳಿಸಿದ ಗೊಂಬೆಯಲ್ಲಿ ಬಿರುಕಿದೆಯೇ ಎಂದು ನೋಡುವಂತೆ, ಕಣ್ಣು ಕಿರಿದು ಮಾಡಿ ಮೊದಲು ಸಹಿಯನ್ನು ನೋಡಿದಳು, ಆಮೇಲೆ ತಾರೀಖನ್ನು. ಮಸಿ ಒಣಗಿದೆಯೇ ಎಂದು ಬೆರಳ ತುದಿಯಿಂದ ಮುಟ್ಟಿ, ಬೆರಳನ್ನೂ ನೋಡಿಕೊಂಡಳು. ರಾಧಾಮಣಿ ಪೆನ್ನಿನ ಮುಚ್ಚಳ ಹಿಡಿದು, ಅವಳು ನೋಡಿ ಮುಗಿಸುವವರೆಗೂ ಕಾಯುತ್ತ ಕೂತಿದ್ದಳು.